ನನ್ನ ಹೆಸರಿನ ಬ್ಯಾಡ್ಜ್ ಡ್ರಾಯರಿನಲ್ಲಿತ್ತು

ಎಕ್ಸ್‌ರೇ, ಸಿಟಿ, ಎಂಆರ್‌ಐ ಕೆಲಸ ಕಲಿಯಲು ಸೇರಬೇಕೆಂದಿರುವವರು ದಯವಿಟ್ಟು ಇದನ್ನು ಓದಿ. ಫೀಸು ಕಟ್ಟುವ ಮೊದಲೇ ಓದಿ. ನನ್ನದು ಒಂದು ವರ್ಷ ಹೋಯಿತು, ದುಡ್ಡೂ ಹೋಯಿತು. ಅದಕ್ಕಿಂತ ಜಾಸ್ತಿ ಕಾಡುವುದು ಬೇರೆ. ನಾನು ಸರಿಯಾಗಿ ಕಲಿಯದ ಕಾರಣಕ್ಕೆ ಎಷ್ಟೋ ರೋಗಿಗಳ ಮೈಮೇಲೆ ಬೇಡದ ಕಿರಣ ಬಿತ್ತು. ಅದನ್ನು ವಾಪಸ್ ತೆಗೆಯಲು ಆಗುವುದಿಲ್ಲ.

ಸಂಸ್ಥೆಯ ಹೆಸರು ಬರೆಯುವುದಿಲ್ಲ. ಹೆಸರು ಹೇಳಿದರೆ ಆ ಒಂದನ್ನು ಬಿಟ್ಟು, ಅಂಥದೇ ಇನ್ನೊಂದಕ್ಕೆ ಹೋಗಿ ಸೇರುತ್ತೀರಿ. ಲಕ್ಷಣ ಗೊತ್ತಿದ್ದರೆ ಎಲ್ಲಿದ್ದರೂ ಗುರುತು ಹಿಡಿಯಬಹುದು.

'ಒಂದೇ ವರ್ಷದಲ್ಲಿ ಮುಗಿಯುತ್ತೆ, ಮುಗಿದ ಕೂಡಲೇ ಕೆಲಸ' ಎಂದಿದ್ದರು. ಸರಿಯಾದ ತರಬೇತಿಗೆ ಹೆಚ್ಚಿನ ಕಡೆ ಎರಡರಿಂದ ನಾಲ್ಕು ವರ್ಷ ಬೇಕು. ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ಲ್ಯಾಬ್ ಎಂದು ಒಂದು ಕೋಣೆ ತೋರಿಸಿದರು. ಹಳೆಯದೊಂದು ಎಕ್ಸ್‌ರೇ ಮಷೀನು, ಪಕ್ಕದಲ್ಲಿ ಪ್ಲಾಸ್ಟಿಕ್ ಅಸ್ಥಿಪಂಜರ. ಮಷೀನಿಗೆ ಕರೆಂಟ್ ಕನೆಕ್ಷನ್ನೇ ಇರಲಿಲ್ಲ. 'ಪ್ರಾಕ್ಟಿಕಲ್ ಎಲ್ಲ ಆಸ್ಪತ್ರೆಯಲ್ಲೇ, ನಿಜವಾದ ರೋಗಿಗಳ ಮೇಲೆ' ಎಂದರು. ನನಗೆ ಅದು ಒಳ್ಳೆಯದೇ ಅನ್ನಿಸಿತು. ಯಾವ ಆಸ್ಪತ್ರೆ, ಕಲಿಸುವವರು ಯಾರು, ಒಬ್ಬ ಟೆಕ್ನಾಲಜಿಸ್ಟ್ ಕೈಕೆಳಗೆ ಎಷ್ಟು ಮಂದಿ ಕಲಿಯುತ್ತಾರೆ, ಒಂದನ್ನೂ ಕೇಳಲಿಲ್ಲ. ಈ ಕೆಲಸದಲ್ಲಿ ಆಸ್ಪತ್ರೆಯ ತರಬೇತಿಯೇ ಕೋರ್ಸು. ಉಳಿದದ್ದೆಲ್ಲ ಅದಕ್ಕೆ ತಯಾರಿ.

ನಮಗೆ ಆ ತಯಾರಿ ಸಿಕ್ಕಿದ್ದು ಒಂದು ತಿಂಗಳು. ನೋಟ್ಸ್ ಓದಿಸಿದರು, ಬರೆಸಿದರು. ಆಮೇಲೆ ಹನ್ನೊಂದು ತಿಂಗಳು ಆಸ್ಪತ್ರೆ.

ಮೊದಲ ವಾರ ಒಬ್ಬ ಸೀನಿಯರ್ ಟೆಕ್ನಾಲಜಿಸ್ಟ್ ನಮ್ಮ ಜೊತೆ ನಿಂತರು. ಎರಡನೇ ವಾರ ಅವರನ್ನು ಸಿಟಿ ಕೋಣೆಗೆ ಹಾಕಿದರು. ಮೂರನೇ ವಾರದಿಂದ ಎಕ್ಸ್‌ರೇ ಕೋಣೆ ನಮ್ಮಿಬ್ಬರು ಹೊಸಬರ ಪಾಲಿಗೆ ಬಂತು. ಗೋಡೆಗೆ ಒಂದು ಚೀಟಿ ಅಂಟಿಸಿದ್ದರು. ಎದೆಗೆ ಇಷ್ಟು ಕೆವಿಪಿ ಇಷ್ಟು ಎಂಎಎಸ್, ಸೊಂಟಕ್ಕೆ ಇಷ್ಟು, ಮಂಡಿಗೆ ಇಷ್ಟು. ಕೆವಿಪಿ ಎಂದರೆ ಕಿರಣಕ್ಕೆ ಮೈ ದಾಟಿ ಹೋಗುವ ಬಲ, ಎಂಎಎಸ್ ಎಂದರೆ ಎಷ್ಟು ಕಿರಣ ಎಂಬ ಲೆಕ್ಕ. ಇದು ನೋಟ್ಸಿನಲ್ಲಿತ್ತು. ಆದರೆ ಸಣಕಲು ಅಜ್ಜಿ ಬಂದರೆ ಎಷ್ಟು ಇಳಿಸಬೇಕು, ದಪ್ಪ ಮೈಯವರು ಬಂದರೆ ಎಷ್ಟು ಏರಿಸಬೇಕು ಎಂದು ಪಕ್ಕದಲ್ಲಿ ನಿಂತು ಹೇಳುವವರು ಯಾರೂ ಇರಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಹೊರಗಿನವರಿಗೆ ಈ ತಪ್ಪು ಕಾಣುವುದೇ ಇಲ್ಲ, ಕಲಿಯುವವರಿಗೂ ಕಾಣುವುದಿಲ್ಲ.

ಹಿಂದೆ ಫಿಲ್ಮ್ ಇದ್ದಾಗ ಕಿರಣ ಜಾಸ್ತಿ ಬಿದ್ದರೆ ಫಿಲ್ಮ್ ಕಪ್ಪಾಗುತ್ತಿತ್ತು, ಕಡಿಮೆಯಾದರೆ ಬೆಳ್ಳಗಾಗುತ್ತಿತ್ತು. ತಪ್ಪು ಕಣ್ಣಿಗೆ ಬೀಳುತ್ತಿತ್ತು. ಡಿಜಿಟಲ್ ಮಷೀನಿನಲ್ಲಿ ಹಾಗಲ್ಲ. ಕಿರಣ ಎರಡು ಪಟ್ಟು ಬಿದ್ದರೂ ಕಂಪ್ಯೂಟರ್ ಚಿತ್ರವನ್ನು ಸರಿ ಮಾಡಿ ತೋರಿಸುತ್ತದೆ. ನೋಡಲು ಇನ್ನೂ ಚೆನ್ನಾಗಿಯೇ ಇರುತ್ತದೆ. ಕಡಿಮೆ ಬಿದ್ದರೆ ಮಾತ್ರ ಚಿತ್ರ ಮರಳು ಮರಳಾಗಿ ಬರುತ್ತದೆ, ಆಗ ಡಾಕ್ಟರ್ ಬೈಯುತ್ತಾರೆ. ಹಾಗಾಗಿ ನಾವಿಬ್ಬರೂ ಒಂದೇ ಪಾಠ ಕಲಿತೆವು: ಎಂಎಎಸ್ ಏರಿಸಿದರೆ ಯಾರೂ ಬೈಯುವುದಿಲ್ಲ. ದಿನ ಕಳೆದ ಹಾಗೆ ಚೀಟಿಯ ಅಂಕಿಯನ್ನೇ ಬಿಟ್ಟು ಸುಮ್ನೆ ಮೇಲೆ ಮೇಲೆ ಇಡತೊಡಗಿದೆವು. ಚಿತ್ರ ಹಿಡಿಯುವ ಡಿಟೆಕ್ಟರಿಗೆ ಎಷ್ಟು ಕಿರಣ ಮುಟ್ಟಿತು ಎಂದು ಹೇಳುವ ಎಕ್ಸ್‌ಪೋಷರ್ ಇಂಡೆಕ್ಸ್ ಎಂಬ ಅಂಕಿ ಪ್ರತಿ ಚಿತ್ರದ ಜೊತೆಗೂ ಬರುತ್ತಿತ್ತು. ಅದನ್ನು ನೋಡಬೇಕೆಂದು ನಮಗೆ ಯಾರೂ ಹೇಳಲಿಲ್ಲ. ಹನ್ನೊಂದು ತಿಂಗಳು ಆ ಅಂಕಿ ನನ್ನ ಕಣ್ಣೆದುರೇ ಇತ್ತು.

ಒಂದು ಎದೆಯ ಎಕ್ಸ್‌ರೇಯಿಂದ ಬೀಳುವುದು ತೀರಾ ಸಣ್ಣ ಡೋಸ್. ರೋಗಿಗಳು ಹೆದರುವ ಅಗತ್ಯವಿಲ್ಲ, ಡಾಕ್ಟರ್ ಬರೆದ ಎಕ್ಸ್‌ರೇಯನ್ನು ಬೇಡ ಎನ್ನಲೂಬಾರದು. ಆದರೆ ಸಣ್ಣದು ಎಂಬ ಕಾರಣಕ್ಕೆ ಎರಡು ಪಟ್ಟು ಕೊಡಬಹುದೇ? ಕಿರಣವನ್ನು ಚೌಕಟ್ಟು ಕಟ್ಟಿ ಬೇಕಾದ ಜಾಗಕ್ಕಷ್ಟೇ ಬೀಳಿಸುವುದಕ್ಕೆ ಕೊಲಿಮೇಷನ್ ಎನ್ನುತ್ತಾರೆ. ಅದನ್ನೂ ನಾವು ಮಾಡುತ್ತಿರಲಿಲ್ಲ. ದೊಡ್ಡದಾಗಿ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಕತ್ತರಿಸುತ್ತಿದ್ದೆವು. ಚಿತ್ರ ಚೊಕ್ಕವಾಗಿ ಕಾಣುತ್ತಿತ್ತು. ಮಗುವಿನ ಮಣಿಕಟ್ಟಿನ ಚಿತ್ರಕ್ಕೆ ಮುಂಗೈಗೆಲ್ಲ ಕಿರಣ ಬಿದ್ದದ್ದು ಆ ಚಿತ್ರದಲ್ಲಿ ಇರುತ್ತಿರಲಿಲ್ಲ.

ಈಗ ಹಿಡಿದುಕೊಳ್ಳುವ ವಿಷಯ.

ಮಕ್ಕಳು ಅಲುಗಾಡುತ್ತವೆ, ಅಳುತ್ತವೆ. ವಯಸ್ಸಾದವರಿಗೆ ನಿಲ್ಲಲು ಆಗುವುದಿಲ್ಲ. ಆಗ ಯಾರಾದರೂ ಹಿಡಿದುಕೊಳ್ಳಬೇಕು. ನಮ್ಮಲ್ಲಿ ಹಿಡಿಯುವವರು ಯಾವಾಗಲೂ ನಾವೇ. ಒಬ್ಬರು ಬಟನ್ ಒತ್ತುವುದು, ಇನ್ನೊಬ್ಬರು ಹಿಡಿಯುವುದು. ಕೋಣೆಯಲ್ಲಿ ಇದ್ದದ್ದು ಒಂದೇ ಸೀಸದ ಏಪ್ರನ್. ಅದನ್ನೂ ಮಡಚಿ ಕುರ್ಚಿಯ ಮೇಲೆ ಹಾಕಿರುತ್ತಿದ್ದರು. ಮಗುವಿನ ತಾಯಿ ಒಳಗೇ ಇದ್ದರೆ ಅದನ್ನು ಅವರಿಗೆ ಕೊಡುತ್ತಿದ್ದೆವು. ನಾನು ಏಪ್ರನ್ ಇಲ್ಲದೆಯೇ ಮಗುವಿನ ಕೈಕಾಲು ಹಿಡಿದು ನಿಲ್ಲುತ್ತಿದ್ದೆ. ಒಂದು ದಿನ ಎಷ್ಟು ಸಲ ಹಿಡಿದೆ ಎಂದು ಎಣಿಸಿದೆ. ಒಂಬತ್ತು.

ಹೀಗೆ ಮಾಡಲೇಬಾರದು. ಮೊದಲು ಪಟ್ಟಿ, ದಿಂಬು, ಮರಳಿನ ಚೀಲ ಇವುಗಳಿಂದ ನಿಲ್ಲಿಸಲು ನೋಡಬೇಕು. ಆಗದಿದ್ದರೆ ಮನೆಯವರೊಬ್ಬರು ಏಪ್ರನ್ ತೊಟ್ಟು ಹಿಡಿಯಬೇಕು. ಗರ್ಭಿಣಿಯರು ಹಿಡಿಯಬಾರದು. ದಿನಾ ಅದೇ ಕೋಣೆಯಲ್ಲಿ ಇರುವವರು ಹಿಡಿಯುವ ಕೆಲಸಕ್ಕೆ ನಿಲ್ಲಬಾರದು, ಕಲಿಯುವವರಂತೂ ಖಂಡಿತ ಕೂಡದು. ಕಾರಣ ಸುಲಭ. ತಾಯಿ ಹಿಡಿಯುವುದು ಒಂದು ಸಲ, ನಾವು ಹಿಡಿಯುವುದು ದಿನಾ. ಇನ್ನೊಂದು ಮಾತು. ಏಪ್ರನ್ ಇರುವುದು ರೋಗಿಯ ಮೈಯಿಂದ ಚದುರಿ ಬರುವ ಕಿರಣ ತಡೆಯಲು. ನೇರ ಕಿರಣದ ದಾರಿಯಲ್ಲಿ ಕೈ ಇಟ್ಟರೆ ಏಪ್ರನ್ ಏನೂ ಮಾಡುವುದಿಲ್ಲ. ಚದುರುವ ಕಿರಣಕ್ಕೆ ದೂರವೇ ದೊಡ್ಡ ರಕ್ಷಣೆ. ದೂರ ಎರಡು ಪಟ್ಟಾದರೆ ಕಿರಣ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಹಿಡಿದು ನಿಂತವರಿಗೆ ಆ ದೂರವೇ ಇಲ್ಲ. ಏಪ್ರನ್ನನ್ನು ಮಡಚಬಾರದು, ತೂಗುಹಾಕಬೇಕು. ಮಡಚಿದ ಕಡೆ ಒಳಗಿನ ಸೀಸ ಬಿರುಕು ಬಿಡುತ್ತದೆ, ಹೊರಗಿನ ಬಟ್ಟೆ ಹಾಗೇ ಇರುತ್ತದೆ.

ರಾಂಟ್‌ಜನ್ ಈ ಕಿರಣ ಕಂಡುಹಿಡಿದದ್ದು 1895ರಲ್ಲಿ. ಅದಾದ ಸ್ವಲ್ಪ ದಿನಕ್ಕೇ ಎಡಿಸನ್ನರ ಹತ್ತಿರ ಕೆಲಸಕ್ಕಿದ್ದ ಕ್ಲಾರೆನ್ಸ್ ಡ್ಯಾಲಿ ಎಂಬುವರು ಕಿರಣ ಹೊರಡಿಸುವ ಎಕ್ಸ್‌ರೇ ಟ್ಯೂಬುಗಳನ್ನು ತಮ್ಮ ಕೈಯನ್ನೇ ಒಡ್ಡಿ ಪರೀಕ್ಷಿಸುತ್ತಿದ್ದರು. ಕೈ ಸುಟ್ಟಿತು, ಕ್ಯಾನ್ಸರ್ ಆಯಿತು, ಕೈಗಳನ್ನು ಕತ್ತರಿಸಬೇಕಾಯಿತು. 1904ರಲ್ಲಿ ತೀರಿಕೊಂಡರು. ಈಗಿನ ಡೋಸ್ ಅದಕ್ಕೆ ಹೋಲಿಸುವಂಥದ್ದಲ್ಲ, ನಿಜ. ಆದರೆ ಅಂಥವರ ಕೈ ಹೋದ ಮೇಲೆ ಬಂದ ನಿಯಮಗಳು ಇವು. ಅವನ್ನು ನನಗೆ ಕಲಿಸಬೇಕಿತ್ತು ಅಲ್ವಾ?

ಬ್ಯಾಡ್ಜ್ ಬಗ್ಗೆ ಮೊದಲ ತಿಂಗಳಿಂದಲೂ ಕೇಳುತ್ತಿದ್ದೆ. ಕಿರಣದ ಕೋಣೆಯಲ್ಲಿ ಕೆಲಸ ಮಾಡುವವರು ಎದೆಯ ಹತ್ತಿರ, ಏಪ್ರನ್ ಒಳಗೆ ಒಂದು ಪುಟ್ಟ ಬ್ಯಾಡ್ಜ್ ಹಾಕುತ್ತಾರೆ. ಟಿಎಲ್‌ಡಿ ಎನ್ನುತ್ತಾರೆ. ಮೈಗೆ ಎಷ್ಟು ಕಿರಣ ಬಿತ್ತು ಎಂಬುದು ಅದರಲ್ಲಿ ಸೇರುತ್ತಾ ಹೋಗುತ್ತದೆ, ಕೆಲವು ತಿಂಗಳಿಗೊಮ್ಮೆ ಓದಲು ಕಳಿಸುತ್ತಾರೆ. ಕೇಳಿದಾಗೆಲ್ಲ 'ಬರುತ್ತೆ, ಬರುತ್ತೆ' ಎನ್ನುತ್ತಿದ್ದರು. ಆಮೇಲೆ ನಾನೂ ಕೇಳುವುದು ಬಿಟ್ಟೆ.

ಇದರ ಮಧ್ಯೆ ನಡೆದ ಇನ್ನೆರಡು ಘಟನೆ ಹೇಳಲೇಬೇಕು. ಒಮ್ಮೆ ಹಿರಿಯರೊಬ್ಬರ ಎರಡೂ ಮಂಡಿಯ ಎಕ್ಸ್‌ರೇ ಬೇರೆ ಬೇರೆಯಾಗಿ ತೆಗೆದೆ. ಎಡ, ಬಲ ಎಂಬ ಗುರುತನ್ನು ಆಮೇಲೆ ಕಂಪ್ಯೂಟರಿನಲ್ಲಿ ಹಾಕಿದೆ. ಅದಲು ಬದಲಾಯಿತು. ಮೂಳೆ ಡಾಕ್ಟರ್ ಆ ಮಂಡಿಗಳನ್ನು ಕೈಯಾರೆ ಮುಟ್ಟಿ ನೋಡಿದ್ದರಿಂದ ಗೊತ್ತಾಯಿತು. ನೋಡದೇ ಇದ್ದಿದ್ದರೆ? ಸೀಸದ ಅಕ್ಷರವನ್ನು ಕಿರಣ ಬಿಡುವ ಮೊದಲೇ ರೋಗಿಯ ಪಕ್ಕದಲ್ಲಿ ಇಡಬೇಕು, ಅದು ಚಿತ್ರದಲ್ಲೇ ಮೂಡಬೇಕು. ಎಡ ಬಲದ ಸೀಸದ ಅಕ್ಷರಗಳು ಆ ಕೋಣೆಯ ಕಪಾಟಿನಲ್ಲಿದ್ದವು. ಧೂಳು ಹಿಡಿದಿದ್ದವು.

ಇನ್ನೊಂದು ಎಂಆರ್‌ಐ ಕೋಣೆಯದು. ಸ್ಟ್ರೆಚರಿನಲ್ಲಿದ್ದ ರೋಗಿಯನ್ನು ಒಳಗೆ ಬಿಟ್ಟು ಬಾ ಎಂದರು. ಸ್ಟ್ರೆಚರ್ ಕೆಳಗೆ ಆಕ್ಸಿಜನ್ ಸಿಲಿಂಡರ್ ಇತ್ತು. ಸ್ಕ್ಯಾನ್ ನಡೆಯುತ್ತಿಲ್ಲವಲ್ಲ, ಮಷೀನು ಆಫ್ ಇರಬೇಕು ಎಂದುಕೊಂಡು ಬಾಗಿಲ ತನಕ ಹೋದೆ. ಒಬ್ಬ ನರ್ಸ್ ಕೂಗಿ ನಿಲ್ಲಿಸಿದರು. ಎಂಆರ್‌ಐ ಮ್ಯಾಗ್ನೆಟ್ ಆಫ್ ಆಗುವುದಿಲ್ಲ. ರಾತ್ರಿಯೂ ಇರುತ್ತದೆ, ರಜೆಯಲ್ಲೂ ಇರುತ್ತದೆ. 1.5 ಟೆಸ್ಲಾ ಮಷೀನು ಎಂದರೆ ಭೂಮಿಯ ಅಯಸ್ಕಾಂತ ಶಕ್ತಿಯ ಸುಮಾರು 30 ಸಾವಿರ ಪಟ್ಟು. 2001ರಲ್ಲಿ ಅಮೆರಿಕದ ಒಂದು ಆಸ್ಪತ್ರೆಯಲ್ಲಿ ಹೀಗೇ ಒಳಗೆ ತಂದ ಆಕ್ಸಿಜನ್ ಸಿಲಿಂಡರ್ ಹಾರಿ ಬಡಿದು, ಸ್ಕ್ಯಾನಿಗೆ ಮಲಗಿದ್ದ 6 ವರ್ಷದ ಹುಡುಗ ಸತ್ತುಹೋದ. ಇದನ್ನು ನಾನು ತಿಳಿದದ್ದು ಆಮೇಲೆ. ಆ ನರ್ಸನ್ನು ಈಗಲೂ ನೆನೆಯುತ್ತೇನೆ.

ಕೊನೆಯ ತಿಂಗಳು ಲಾಗ್‌ಬುಕ್ ಸಹಿಗೆ ಆಫೀಸಿಗೆ ಕರೆದರು. ತೆಗೆದು ನೋಡಿದರೆ ಎಲ್ಲಾ ತುಂಬಿತ್ತು. ನಾನು ದೂರದಿಂದಲೂ ನೋಡದ ಫ್ಲೋರೋಸ್ಕೋಪಿ (ಮೈಯೊಳಗಿನ ಚಲನೆಯನ್ನು ಕಿರಣದಿಂದ ನೇರವಾಗಿ ಪರದೆಯಲ್ಲಿ ತೋರಿಸುವುದು), ಒಮ್ಮೆಯೂ ಮಾಡದ ಸಿಟಿ, ಎಲ್ಲವೂ ನನ್ನ ಹೆಸರಲ್ಲಿ ಮಾಡಿದ ಹಾಗೆ ಬರೆದಿತ್ತು. ಸೀನಿಯರ್ ಸಹಿ ಆಗಲೇ ಬಿದ್ದಿತ್ತು. 'ಎಲ್ಲರೂ ಹೀಗೇ ಮಾಡುವುದು' ಎಂದರು. ನಾನೂ ಸಹಿ ಹಾಕಿದೆ. ಹಾಕಬಾರದಿತ್ತು.

ಸೀಲ್ ಹುಡುಕಲು ಡ್ರಾಯರ್ ಎಳೆದಾಗ ಒಳಗೆ ಬ್ಯಾಡ್ಜುಗಳು ಕಂಡವು. ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಟ್ಟಿದ್ದರು. ಮೇಲಿನದೇ ನನ್ನ ಹೆಸರಿನದು. ಕಳೆದುಹೋಗುತ್ತವೆ ಎಂದು ನಮಗೆ ಕೊಟ್ಟಿರಲಿಲ್ಲವಂತೆ. ಡ್ರಾಯರಿನಿಂದಲೇ ಓದಲು ಹೋಗುತ್ತಿದ್ದವು, ಡ್ರಾಯರಿಗೇ ವಾಪಸ್ ಬರುತ್ತಿದ್ದವು. ಹಾಗಾಗಿ ಪ್ರತಿ ವರದಿಯಲ್ಲೂ ನನ್ನ ಡೋಸ್ ಸೊನ್ನೆ.

ಈ ಕೆಲಸದವರ ಮೈಗೆ ಬೀಳುವ ಡೋಸಿಗೆ ಅಂತರರಾಷ್ಟ್ರೀಯ ಶಿಫಾರಸಿನ ಮಿತಿ ಇದೆ, ಅದನ್ನು ಮಿಲಿಸೀವರ್ಟ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಐದು ವರ್ಷದ ಸರಾಸರಿ ತೆಗೆದರೆ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷ 50 ದಾಟಬಾರದು. ನನಗೆ ಬಿದ್ದದ್ದು ಬಹುಶಃ ಅದರ ಹತ್ತಿರಕ್ಕೂ ಬಂದಿರಲಿಕ್ಕಿಲ್ಲ. ಆದರೆ ಆ 'ಬಹುಶಃ' ನನ್ನ ಜೊತೆ ಯಾವಾಗಲೂ ಇರುತ್ತದೆ. ಅದು ಇರಬಾರದು ಎಂದೇ ಬ್ಯಾಡ್ಜ್ ಇರುವುದು.

ಮುಂದಿನದು ಬೇಗ ಹೇಳಿ ಮುಗಿಸುತ್ತೇನೆ. ಕೋರ್ಸಿಗೆ ಮಾನ್ಯತೆ ಇರಲಿಲ್ಲ. 'ಅರ್ಜಿ ಹಾಕಿದ್ದೇವೆ' ಎಂಬುದನ್ನೇ ಮಾನ್ಯತೆ ಎಂದು ಹೇಳಿದ್ದರು. ನೋಂದಣಿ ಆಗಲಿಲ್ಲ. ಕೆಲಸದ ಸಂದರ್ಶನಕ್ಕೆ ಹೋದ ಒಂದು ಕಡೆ ಸುಲಭದ ಪ್ರಶ್ನೆ ಕೇಳಿದರು: ಎದೆಯ ಎಕ್ಸ್‌ರೇಯನ್ನು ನಿಲ್ಲಿಸಿ, ಬೆನ್ನ ಕಡೆಯಿಂದ, 180 ಸೆಂಟಿಮೀಟರ್ ದೂರದಿಂದ ಯಾಕೆ ತೆಗೆಯುತ್ತೇವೆ? ಹೃದಯ ಡಿಟೆಕ್ಟರಿಗೆ ಹತ್ತಿರ ಇದ್ದು ಟ್ಯೂಬ್ ದೂರ ಇದ್ದರೆ ಅದು ಇಲ್ಲದ ದಪ್ಪಕ್ಕೆ ಕಾಣುವುದಿಲ್ಲ, ಅದಕ್ಕೆ. ಸಾವಿರಾರು ಎದೆಯ ಎಕ್ಸ್‌ರೇ ತೆಗೆದಿದ್ದೆ. ಉತ್ತರ ಗೊತ್ತಿರಲಿಲ್ಲ.

ನೀವು ಸೇರುವ ಮೊದಲು ಆಸ್ಪತ್ರೆಗೇ ಹೋಗಿ. ಮಧ್ಯಾಹ್ನದ ಹೊತ್ತು ಎಕ್ಸ್‌ರೇ ಕೋಣೆಯ ಹೊರಗೆ ಅರ್ಧ ಗಂಟೆ ಕುಳಿತುಕೊಳ್ಳಿ. ಒಳಗೆ ಬರೀ ಕಲಿಯುವವರೇ ಇದ್ದಾರಾ, ಅನುಭವಿಗಳು ಇದ್ದಾರಾ ನೋಡಿ. ಕೊನೆಯ ವರ್ಷದವರನ್ನು ಒಬ್ಬೊಬ್ಬರನ್ನೇ ಮಾತಾಡಿಸಿ. ಬ್ಯಾಡ್ಜ್ ತೋರಿಸಿ ಎನ್ನಿ, ಡೋಸ್ ವರದಿ ಕೈಗೆ ಬರುತ್ತಾ ಕೇಳಿ. ಚಿತ್ರ ಕೆಟ್ಟು ಎರಡನೇ ಸಲ ತೆಗೆಯುವಾಗ ಟೆಕ್ನಾಲಜಿಸ್ಟ್ ಪಕ್ಕದಲ್ಲೇ ಇರುತ್ತಾರಾ ಕೇಳಿ, ಇರಲೇಬೇಕು. ಮಾನ್ಯತೆಯನ್ನು ಸಂಸ್ಥೆಯ ಬಾಯಿಂದ ಕೇಳಬೇಡಿ. ನೋಂದಣಿ ಮಾಡುವ ಮಂಡಳಿಯ ಪಟ್ಟಿಯಲ್ಲೇ ಹುಡುಕಿ. ಈಗಾಗಲೇ ಸೇರಿ ಇಂಥ ಕಡೆ ಸಿಕ್ಕಿಕೊಂಡಿದ್ದರೆ, ಹಿಡಿದುಕೋ ಎಂದಾಗ ಆಗುವುದಿಲ್ಲ ಎನ್ನಿ. ಮಾಡದ ಕೆಲಸಕ್ಕೆ ಸಹಿ ಹಾಕಬೇಡಿ. ಯಾವ ದಿನ ಎಲ್ಲಿದ್ದಿರಿ, ಏನು ಮಾಡಿದಿರಿ ಎಂದು ನಿಮ್ಮದೇ ನೋಟ್‌ಬುಕ್ಕಿನಲ್ಲಿ ಬರೆದಿಡಿ.

ನಾನು ಈಗ ಬೇರೆ ಕಡೆ ಮೊದಲಿಂದ ಕಲಿಯುತ್ತಿದ್ದೇನೆ. ಇಲ್ಲಿ ಮೊದಲ ದಿನ ಬ್ಯಾಡ್ಜ್ ಕೊಟ್ಟ ಮೇಲೆಯೇ ಕೋಣೆಯ ಬಾಗಿಲು ತೆರೆದರು. ಸೀನಿಯರ್ ಪ್ರತಿ ಸಲ ಬಟನ್ ಒತ್ತುವ ಮೊದಲು 'ಎಲ್ಲಿ ನಿಂತಿದ್ದೀಯಾ?' ಎಂದು ಕೇಳುತ್ತಾರೆ. ಹೋದ ತಿಂಗಳು ನನ್ನ ಹೆಸರಿನ ಡೋಸ್ ವರದಿ ಬಂತು. ಅದರಲ್ಲಿ ಹಳೆಯ ಲೆಕ್ಕವೂ ಸೇರಿತ್ತು, ಆ ಹನ್ನೊಂದು ತಿಂಗಳ ಮುಂದೆ ಸೊನ್ನೆ, ಸೊನ್ನೆ ಎಂದೇ ಇತ್ತು. ಆ ಸೊನ್ನೆಗಳು ನನ್ನವಲ್ಲ, ಡ್ರಾಯರಿನವು ಎಂದು ಬರೆದುಕೊಟ್ಟಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.