ಎಸಿ ಬಿಸಿ ಗಾಳಿ ಊದುವಾಗ ‘ದೋಷ ಇಲ್ಲ’ ಅಂದ ಸ್ಕ್ಯಾನರ್: ಮೂರು ಬೇಸಿಗೆ ಬಳಸಿದ ಮೇಲೆ

ಕಳೆದ ವರ್ಷ ಏಪ್ರಿಲ್‌ನಲ್ಲಿ ಇದನ್ನು ಬರೆಯಲು ಕೂತಿದ್ದರೆ ಒಂದೇ ಸ್ಟಾರ್ ಕೊಡುತ್ತಿದ್ದೆ. ಬಳ್ಳಾರಿ ಬಿಸಿಲು, ಕಾರಿನ ಎಸಿಯಿಂದ ಒಲೆ ಮುಂದೆ ಕೂತ ಹಾಗೆ ಗಾಳಿ, ಕರ್ಚೀಫ್ ಪೂರ್ತಿ ಒದ್ದೆ. ಈ ಸ್ಕ್ಯಾನರ್ ಪುಣ್ಯಾತ್ಮ ಮಾತ್ರ ಮೊಬೈಲ್‌ನಲ್ಲಿ ಹಸಿರು ಟಿಕ್ ಹಾಕಿ ‘ದೋಷ ಇಲ್ಲ’ ಅಂತ ತೋರಿಸುತ್ತಿತ್ತು.

ಯಾವ ಬ್ಲೂಟೂತ್, ಎಷ್ಟು ಪ್ರೋಟೋಕಾಲ್ ಅನ್ನೋದೆಲ್ಲ ಡಬ್ಬಿ ಮೇಲೇ ಇರುತ್ತೆ, ಬಿಡಿ. ನೀಲಿ ಬಣ್ಣದ ಪುಟ್ಟ ಒಬಿಡಿ ಸ್ಕ್ಯಾನರ್, ಅಂದರೆ ಕಾರಿನ ಕಂಪ್ಯೂಟರ್ ಹೇಳೋದನ್ನು ಓದಿ ಮೊಬೈಲ್‌ನಲ್ಲಿ ತೋರಿಸುವ ಸಾಧನ, 750 ರೂಪಾಯಿ. ಒಳಗಿರುವುದು ಕಾರಿನ ಕಂಪ್ಯೂಟರ್ ಜೊತೆ ಮಾತಾಡುವ ಇಎಲ್‌ಎಂ 327 ಚಿಪ್‌ನ ನಕಲು, ಆ ರೇಟಿಗೆ ಅಸಲಿ ಎಲ್ಲಿಂದ ಬರಬೇಕು. ನನ್ನದು ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡ 2014ರ ಪೆಟ್ರೋಲ್ ಕಾರು. ಡ್ಯಾಶ್‌ಬೋರ್ಡ್‌ನಲ್ಲಿ ಟೆಂಪರೇಚರ್ ಮುಳ್ಳೇ ಇಲ್ಲ. ಎಂಜಿನ್ ತಣ್ಣಗಿದ್ದರೆ ನೀಲಿ ದೀಪ, ಕುದಿಯುವ ಹೊತ್ತಿಗೆ ಕೆಂಪು ದೀಪ. ನಡುವೆ ಏನಾಗುತ್ತಿದೆ ಅಂತ ತಿಳಿಯುವ ದಾರಿಯೇ ಇಲ್ಲ. ಅದಕ್ಕೇ ಇದನ್ನು ತರಿಸಿದ್ದು.

ಬೆಳಿಗ್ಗೆ ಸ್ಟೀರಿಂಗ್ ಕೆಳಗೆ ಬಗ್ಗಿ, ಕಣ್ಣಿಗೆ ಕಾಣದ ಪೋರ್ಟನ್ನು ಬೆರಳಿನಲ್ಲೇ ತಡಕಿ, ಟಕ್ ಅಂತ ಕೂರಿಸಬೇಕು. ಕೀ ತಿರುಗಿಸಿ ಮೊಬೈಲ್ ಸಂಪರ್ಕ ಸಿಕ್ಕ ಮೇಲೆ ಕೂಲೆಂಟ್ (ಎಂಜಿನ್ ತಂಪು ಮಾಡುವ ದ್ರವ) ಬಿಸಿ ಎಷ್ಟು ಅಂತ ಬರುತ್ತೆ. 31 ಡಿಗ್ರಿಯಿಂದ ಶುರು. ಹಾಲಿನ ಬೂತ್ ದಾಟುವಾಗ 50, ಮೇನ್ ರೋಡಿಗೆ ಬರುವಾಗ 75, ಆಮೇಲೆ ನಿಧಾನಕ್ಕೆ ಹತ್ತಿ 88–90ರ ಹತ್ತಿರ ನಿಂತುಬಿಡುತ್ತೆ. ಬಿಸಿಯಾದ ಕೂಲೆಂಟನ್ನು ರೇಡಿಯೇಟರ್ ಕಡೆ ಬಿಡುವ ಥರ್ಮೋಸ್ಟಾಟ್ ಬಾಯಿ ತೆರೆಯಿತು ಅಂತ ಅರ್ಥ. ಸುಮ್ನೆ ನೋಡ್ತಾ ಇರೋದೇ ಒಂದು ಖುಷಿ. ಓಡಿಸುವಾಗ ನಾನು ಮೊಬೈಲ್ ನೋಡುವುದು ಬೇಡ ಅಂತ ನನ್ನ ಹೆಂಡತಿ ಅದನ್ನು ತನ್ನ ಕೈಗೆ ತಗೊಂಡಳು. ಈಗ ಅವಳೇ ಸ್ಕೋರ್ ಹೇಳಿದ ಹಾಗೆ ಹೇಳುತ್ತಾಳೆ.

ಸರಿ, ಎಸಿ ಕಥೆಗೆ ಬರುತ್ತೇನೆ. ಹೊಸಪೇಟೆ ರಸ್ತೆಯಲ್ಲಿ ಎಂಬತ್ತರಲ್ಲಿ ಹೋಗುವಾಗ ಒಳ್ಳೆ ತಂಪು. ರೈಲ್ವೆ ಗೇಟ್ ಹಾಕಿದರೆ ಐದೇ ನಿಮಿಷಕ್ಕೆ ಬಿಸಿ. ಒಂದು ಗ್ಯಾರೇಜಿನಲ್ಲಿ ‘ಗ್ಯಾಸ್ ಕಮ್ಮಿ ಆಗಿದೆ ಸಾರ್’ ಅಂತ 1,800 ಇಸ್ಕೊಂಡು ಗ್ಯಾಸ್ ತುಂಬಿದರು. ಹದಿನೈದು ದಿನದಲ್ಲಿ ಮತ್ತೆ ಅದೇ ಹಾಡು, ಮತ್ತೆ ಗ್ಯಾಸ್, ಮತ್ತೆ 1,800. ಗ್ಯಾಸ್ ಕಮ್ಮಿಯಿದ್ದರೂ ಗಾಡಿ ನಿಂತಾಗ ತಂಪು ಇಳಿಯಬಹುದು, ಹಾಗಾಗಿ ಅವರ ಮಾತು ಪೂರ್ತಿ ಸುಳ್ಳು ಅನ್ನಲಾರೆ. ಆದರೆ ಎರಡನೇ ಸಲ ತುಂಬುವ ಮುಂಚೆ ಬಾನೆಟ್ ಎತ್ತಿ ಎರಡು ನಿಮಿಷ ನೋಡಬಹುದಿತ್ತು, ಅಲ್ವಾ?

ಅದೇ ವಾರ ಗೇಟ್‌ನಲ್ಲಿ ನಿಂತಿದ್ದಾಗ ಪಕ್ಕದಿಂದ ಸ್ಕೋರ್ ಬಂತು. ‘ತೊಂಬತ್ತೆಂಟು. ನೂರಾ ಒಂದು. ರೀ, ನೂರಾ ನಾಲ್ಕು!’ ಎಸಿ ಆಫ್ ಮಾಡಿದೆ. ಗೇಟ್ ತೆಗೆದು ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಮತ್ತೆ 90. ಆಗ ತಲೆಗೆ ಹೊಳೆಯಿತು. ಬರೀ ಗ್ಯಾಸ್ ಕಮ್ಮಿಯಾದರೆ ಎಂಜಿನ್ ಯಾಕೆ ಬಿಸಿಯಾಗಬೇಕು? ಎಸಿಯ ಶಾಖ ಹೊರಗೆ ಬಿಡುವ ಕಂಡೆನ್ಸರ್ ಇರುವುದು ಎಂಜಿನ್ ಶಾಖ ಬಿಡುವ ರೇಡಿಯೇಟರ್ ಮುಂದೆಯೇ. ನನ್ನ ಕಾರಿನಲ್ಲಿ ಎರಡಕ್ಕೂ ಸೇರಿ ಒಂದೇ ಫ್ಯಾನು. ಓಡುವಾಗ ಎದುರಿನ ಗಾಳಿ ಕೆಲಸ ಮಾಡುತ್ತೆ, ನಿಂತಾಗ ಫ್ಯಾನೇ ಗತಿ.

ಮಾರನೇ ದಿನ ಬೇರೆ ಮೆಕ್ಯಾನಿಕ್ ಹತ್ತಿರ ಹೋದೆ. ಬೇವಿನ ಮರದ ಕೆಳಗೆ ಒಂದು ಡಬ್ಬಾ ಅಂಗಡಿ. ಅವರು ಸ್ಕ್ಯಾನರ್ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಎಂಜಿನ್ ಆನ್, ಎಸಿ ಆನ್ ಮಾಡಿಸಿ, ಒಂದು ಜಗ್ ನೀರು ತಂದು ಮುಂದಿನ ಜಾಲರಿಯೊಳಗೆ ಕಂಡೆನ್ಸರ್ ಮೇಲೆ ನಿಧಾನಕ್ಕೆ ಸುರಿದರು. ಚುಯ್ ಅಂತ ಆವಿ ಎದ್ದಿತು. ‘ಕೈ ಇಟ್ಟು ನೋಡ್ರಿ’ ಅಂದರು. ಅರ್ಧ ನಿಮಿಷದಲ್ಲಿ ವೆಂಟ್‌ನಿಂದ ತಣ್ಣನೆ ಗಾಳಿ! ಗ್ಯಾಸೂ ಇದೆ, ಕಂಪ್ರೆಸರ್ರೂ ಇದೆ, ಶಾಖ ಹೊರಗೆ ಹೋಗೋಕೆ ದಾರಿ ಇಲ್ಲ ಅಷ್ಟೇ. ಆಮೇಲೆ ಫ್ಯೂಸ್ ನೋಡಿದರು, ಹಾರನ್ನಿನ ರಿಲೇ (ಕರೆಂಟ್ ಹಾಕಿ ತೆಗೆಯುವ ಸ್ವಿಚ್ಚು) ತೆಗೆದು ಫ್ಯಾನಿನ ಜಾಗಕ್ಕೆ ಹಾಕಿದರು, ಊಹೂಂ. ಕೊನೆಗೆ ಸ್ಕ್ರೂಡ್ರೈವರ್ ಹಿಡಿಯಿಂದ ಫ್ಯಾನ್ ಮೋಟಾರಿನ ಬೆನ್ನಿಗೆ ಎರಡು ತಟ್ಟು ತಟ್ಟಿದರು. ಗುರ್ ಅಂತ ತಿರುಗಿತು. ‘ಕಾರ್ಬನ್ ಸವೆದೈತ್ರಿ.’ ಮೋಟಾರಿನ ಒಳಗೆ ಕರೆಂಟ್ ಮುಟ್ಟಿಸುವ ತುಂಡು ಅದು. ಮೋಟಾರು ಬದಲಾಯಿಸಿ, ಕೂಲಿ ಸೇರಿ 3,400. (ನೀವೇ ತಟ್ಟಲು ಹೋಗಬೇಡಿ. ಎಂಜಿನ್ ಆಫ್ ಇದ್ದರೂ ಕೆಲವು ಕಾರಿನಲ್ಲಿ ಆ ಫ್ಯಾನು ತಾನಾಗೇ ತಿರುಗಿಬಿಡುತ್ತೆ, ಬೆರಳು ಜೋಪಾನ.)

ಹಾಗಾದರೆ ಸ್ಕ್ಯಾನರ್ ಯಾಕೆ ‘ದೋಷ ಇಲ್ಲ’ ಅಂದಿತು? ಅದನ್ನೂ ಅವರೇ ಹೇಳಿದರು. ನನ್ನಂಥ ಕಾರಿನಲ್ಲಿ ಕಂಪ್ಯೂಟರ್ ರಿಲೇಗೆ ‘ಫ್ಯಾನ್ ಹಾಕು’ ಅಂತ ಹೇಳಿ ಸುಮ್ಮನಾಗುತ್ತೆ. ಫ್ಯಾನ್ ನಿಜವಾಗಿ ತಿರುಗಿತಾ ಅಂತ ಅದು ನೋಡಲ್ಲ. ಪಾಪ, ಸ್ಕ್ಯಾನರ್ ಕಂಪ್ಯೂಟರ್ ಹೇಳಿದ್ದನ್ನೇ ಹೇಳಿತ್ತು. ನಾನು ಹಸಿರು ಟಿಕ್ ನೋಡಿಕೊಂಡು ಬೈಯುತ್ತಿದ್ದೆ, ನಿಜವಾದ ಸುಳಿವು ಪಕ್ಕದ ಪರದೆಯಲ್ಲಿ ಮೂರಂಕಿಯಲ್ಲಿ ನಿಂತಿತ್ತು. ಆವತ್ತಿಂದ ಇದರ ಮೇಲಿನ ಸಿಟ್ಟು ಇಳಿಯಿತು.

ಹಾಗಂತ ಇದು ಬಂಗಾರವೇನಲ್ಲ. ತಿಂಗಳಿಗೆ ನಾಲ್ಕು ಸಲ ಸಂಪರ್ಕ ಕಡಿದುಕೊಳ್ಳುತ್ತೆ, ಕಿತ್ತು ಮತ್ತೆ ಸಿಕ್ಕಿಸಬೇಕು. ಊರಿಗೆ ಹೋದಾಗ ಎಂಟು ದಿನ ಪೋರ್ಟ್‌ನಲ್ಲೇ ಮರೆತು ಬಂದು ನೋಡಿದರೆ ಬ್ಯಾಟರಿ ಸತ್ತಿತ್ತು, ಪಕ್ಕದ ಮನೆಯವರ ಕಾರಿನಿಂದ ಜಂಪ್ ಸ್ಟಾರ್ಟ್ ಮಾಡಿಸಿದ್ದಾಯಿತು. ನಿಮ್ಮ ಕಾರಿನಲ್ಲಿ ಟೆಂಪರೇಚರ್ ಮುಳ್ಳು ಇದ್ದರೆ ಇದಕ್ಕೆ ದುಡ್ಡು ಹಾಕಬೇಡಿ. ನನ್ನ ಹಾಗೆ ಬರೀ ಎರಡು ದೀಪ ಇದ್ದರೆ ತಗೊಳ್ಳಿ. ನಾಲ್ಕು ಸ್ಟಾರ್.

ಜಂಪ್ ಸ್ಟಾರ್ಟ್ ಕೊಟ್ಟ ಪಕ್ಕದ ಮನೆಯವರು ಮೂರು ವಾರದ ಹಿಂದೆ ‘ಒಂದಿನ ನೋಡಿ ಕೊಡ್ತೀನಿ’ ಅಂತ ಇದನ್ನು ಇಸ್ಕೊಂಡು ಹೋಗಿದ್ದಾರೆ. ನಾಡಿದ್ದು ಹೊಸಪೇಟೆಗೆ ಹೋಗಬೇಕು. ಹೇಗೆ ವಾಪಸ್ ಕೇಳೋದು ಅಂತ ನಾವಿಬ್ಬರೂ ಯೋಚನೆ ಮಾಡ್ತಾ ಇದ್ದೇವೆ.