ಸಿಐಸಿಎಸ್‌ಗೆ ದುಡ್ಡು ಕಟ್ಟಿ ಎಎಸ್/400ಕ್ಕೇ ಮರಳಿದೆ

ಸಿಐಸಿಎಸ್ (ಐಬಿಎಂನ ದೊಡ್ಡ ಕಂಪ್ಯೂಟರ್ ಮೇನ್‌ಫ್ರೇಮ್‌ನಲ್ಲಿ ಸ್ಕ್ರೀನ್ ಪ್ರೋಗ್ರಾಮ್‌ಗಳನ್ನು ನಡೆಸುವ ಸಾಫ್ಟ್‌ವೇರ್) ಗೊತ್ತಿದ್ದರೆ ಕೆಲಸ ಜಾಸ್ತಿ ಸಿಗುತ್ತದೆ ಅಂತ ಗೆಳೆಯರು ಹೇಳಿದರು. ಮೂರು ತಿಂಗಳಿಗೆ ಮೇನ್‌ಫ್ರೇಮ್ ಲಾಗಿನ್ ಬಾಡಿಗೆಗೆ ತೆಗೆದುಕೊಂಡೆ. ನಾನು ಐಬಿಎಂನದೇ ಇನ್ನೊಂದು ಸಿಸ್ಟಮ್ ಎಎಸ್/400ರಲ್ಲಿ, ಆರ್‌ಪಿಜಿ ಭಾಷೆಯಲ್ಲಿ ಪ್ರೋಗ್ರಾಮ್ ಬರೆದು ಬೆಳೆದವನು. ಈಗ ಎಎಸ್/400ಕ್ಕೆ ಐಬಿಎಂ ಐ ಅಂತ ಹೆಸರು, ನನ್ನ ಬಾಯಿಗೆ ಹಳೆಯದೇ ಬರುತ್ತದೆ. ಮನಸ್ಸು ಯಾವ ಕಡೆ ಅಂತ ಗೊತ್ತಾಯಿತಲ್ವಾ?

ನಾನು ಕಲಬುರಗಿಯವನು. ಹಾಗಾಗಿ ಎರಡರಲ್ಲೂ ಬರೆದದ್ದು ತೊಗರಿ ಚೀಲದ ಸ್ಟಾಕ್ ಪ್ರೋಗ್ರಾಮ್.

ಆರ್‌ಪಿಜಿಯಲ್ಲಿ ಎಕ್ಸ್‌ಎಫ್‌ಎಂಟಿ ಅನ್ನುವ ಒಂದು ಆದೇಶ ಸಾಕು. ಸ್ಕ್ರೀನ್ ತೋರಿಸಿ ಪ್ರೋಗ್ರಾಮ್ ಅಲ್ಲೇ ಕಾಯುತ್ತದೆ. ಎಂಟರ್ ಒತ್ತಿದರೆ ಮುಂದಿನ ಸಾಲು. ಸಿಐಸಿಎಸ್‌ನಲ್ಲಿ ಸ್ಕ್ರೀನ್ ಕಳಿಸಿ ಪ್ರೋಗ್ರಾಮ್ ಮುಗಿದೇ ಹೋಗುತ್ತದೆ. ಎಂಟರ್ ಒತ್ತಿದಾಗ ಮತ್ತೆ ಮೊದಲಿಂದ ಶುರು. ನೆನಪಿಡಬೇಕಾದದ್ದನ್ನೆಲ್ಲ ಕಾಮ್‌ಏರಿಯಾ ಅನ್ನುವ ಮೆಮೊರಿ ತುಂಡಿನಲ್ಲಿ ಕಟ್ಟಿ ಕಳಿಸಬೇಕು, ಅದಕ್ಕೂ 32 ಕೆಬಿ ಮಿತಿ. ಡೇಟಾ ಸಾಗಿಸುವ ಇನ್ನೊಂದು ದಾರಿಯಾದ ಚಾನೆಲ್, ಕಂಟೇನರ್ ಬಳಸಿದರೆ ಆ ಮಿತಿ ಇಲ್ಲ. ಜನ ಯೋಚಿಸುತ್ತಾ ಕೂತಾಗ ಮೆಮೊರಿ ಸುಮ್ನೆ ಹಿಡಿದಿಡಬಾರದು ಅನ್ನುವ ಲೆಕ್ಕದಿಂದಲೇ ಪ್ರೋಗ್ರಾಮ್ ಹೀಗೆ ಮುಗಿಯುವುದು. ಸಿಐಸಿಎಸ್ 1969ರ ಕೂಸು, ಆಗ ಮೆಮೊರಿ ಅಷ್ಟು ದುಬಾರಿ.

ನನ್ನನ್ನು ಕಾಡಿದ್ದು ಮಾತ್ರ ನನ್ನ ಪ್ರೀತಿಯ ಎಎಸ್/400. ಒಂದು ಮಧ್ಯಾಹ್ನ ತಿದ್ದಲು ಒಂದು ಲಾಟ್‌ನ ರೆಕಾರ್ಡ್ ತೆರೆದಿದ್ದೆ (ಹಾಗೆ ತೆರೆದರೆ ಬೇರೆಯವರು ಅದನ್ನು ತಿದ್ದದಂತೆ ಬೀಗ ಬೀಳುತ್ತದೆ), ಕರೆಂಟ್ ಹೋಯಿತು. ಬಿಸಿಲುಗಾಲದಲ್ಲಿ ನಮ್ಮಲ್ಲಿ ಇದು ಹೊಸದೇನಲ್ಲ. ಕರೆಂಟ್ ಬಂದ ಮೇಲೆ ಮತ್ತೆ ಲಾಗಿನ್ ಆಗಿ ಅದೇ ಲಾಟ್ ನಂಬರ್ ಹೊಡೆದೆ. ಪರದೆ ಸುಮ್ಮನೆ ನಿಂತಿತು. 60 ಸೆಕೆಂಡ್ ಆದ ಮೇಲೆ ರೆಕಾರ್ಡ್ ಬೇರೆ ಜಾಬ್‌ನ (ಲಾಗಿನ್ ಆದಾಗ ಶುರುವಾಗುವ ಕೆಲಸದ) ಕೈಯಲ್ಲಿದೆ ಅಂತ ಎರರ್ ಬಂತು. ಯಾರಪ್ಪಾ ಇದು ಅಂತ ಬೀಗ ಯಾರದು ಅಂತ ತೋರಿಸುವ ಡಿಎಸ್‌ಪಿಆರ್‌ಸಿಡಿಎಲ್‌ಸಿಕೆ ಕಮಾಂಡ್ ಹಾಕಿ ನೋಡಿದರೆ ನನ್ನದೇ ಹೆಸರು! ಹಳೆಯ ಜಾಬ್ ಸತ್ತಿರಲಿಲ್ಲ, ಡಿಸ್ಕನೆಕ್ಟ್ ಆಗಿ ಬೀಗ ಹಿಡಿದು ಕೂತಿತ್ತು. ಅಂಥ ಜಾಬ್ ಎಷ್ಟು ಹೊತ್ತು ಇರಬೇಕು ಅನ್ನುವ ಕ್ಯೂಡಿಎಸ್‌ಸಿಜಾಬ್‌ಐಟಿವಿ ಸೆಟ್ಟಿಂಗ್ ಕಂಪನಿಯಿಂದ ಬರುವಾಗಲೇ 240 ನಿಮಿಷ. ನಾಲ್ಕು ತಾಸು! ಎಂಡ್‌ಜಾಬ್ ಕೊಟ್ಟು ಬಿಡಿಸಿಕೊಂಡೆ.

ಸಿಐಸಿಎಸ್‌ನಲ್ಲಿ ಈ ತಲೆನೋವು ಬರಲಿಲ್ಲ. ಸ್ಕ್ರೀನ್ ಕಳಿಸಿ ಟಾಸ್ಕ್ ಮುಗಿದಾಗಲೇ ಬೀಗ ಬಿಡುತ್ತದೆ. ಎಂಟರ್ ಒತ್ತಿದ ಮೇಲೆ ರೆಕಾರ್ಡನ್ನು ಮತ್ತೆ ಓದಿ, ನಡುವೆ ಯಾರಾದರೂ ಬದಲಿಸಿದ್ದಾರಾ ಅಂತ ನಾವೇ ಹೋಲಿಸಬೇಕು, ಅಷ್ಟೇ. ಈಗ ಆರ್‌ಪಿಜಿಯಲ್ಲೂ ಅದೇ ಮಾಡುತ್ತೇನೆ. ರೆಕಾರ್ಡ್ ಓದುವ ಚೈನ್ ಆದೇಶಕ್ಕೆ ಎನ್ ಸೇರಿಸಿ ಬೀಗವಿಲ್ಲದೆ ಓದುತ್ತೇನೆ, ಬರೆಯುವ ಮುನ್ನ ಬೀಗ ಹಾಕಿ ಇನ್ನೊಮ್ಮೆ ಓದಿ ಹೋಲಿಸುತ್ತೇನೆ.

ಕಮಿಟ್ (ಬದಲಾವಣೆ ಖಾಯಂ ಮಾಡುವುದು), ರೋಲ್‌ಬ್ಯಾಕ್ (ಅದನ್ನು ವಾಪಸ್ ತೆಗೆಯುವುದು) ಎರಡು ಸಿಸ್ಟಮ್‌ನಲ್ಲೂ ಚೆನ್ನಾಗಿವೆ. ಎಎಸ್/400ರಲ್ಲಿ ಇದಕ್ಕಾಗಿ ಫೈಲ್‌ಗೆ ಜರ್ನಲ್ (ಬದಲಾವಣೆಗಳ ದಾಖಲೆ) ಹಚ್ಚಲು ಮರೆಯಬೇಡಿ.

ಮೇನ್‌ಫ್ರೇಮ್ ಲಾಗಿನ್ ಈ ತಿಂಗಳಿಗೆ ಮುಗಿಯುತ್ತದೆ, ರಿನ್ಯೂ ಮಾಡಿಸಲ್ಲ. ಆ ದುಡ್ಡು ಇನ್ವರ್ಟರ್ ಬ್ಯಾಟರಿಗೆ.