ಬ್ಯಾಟರಿ ಪ್ರಾಜೆಕ್ಟಿಗೆ ಎಎಂಎಸ್1117 ರೆಗ್ಯುಲೇಟರ್ ಹಾಕಿ ಮೋಟರ್ ಕೆಡಿಸ್ಕೊಂಡೆ, ನೀವು ಹಾಕ್ಬೇಡಿ

ನಮ್ಮನೆ ಬೆಂಗಳೂರಿನ ವಿಜಯನಗರದಲ್ಲಿ, ಕಾವೇರಿ ನೀರು ದಿನ ಬಿಟ್ಟು ದಿನ, ಅದೂ ಯಾವ ಹೊತ್ತಿಗೆ ಅಂತ ಹೇಳಕ್ಕಾಗಲ್ಲ. ಪ್ರತಿ ಸಲ ಸಂಪಿನ ಮುಚ್ಚಳ ಎತ್ತಿ ಟಾರ್ಚ್ ಬಿಟ್ಟು ನೋಡಿ ನೋಡಿ ಅಮ್ಮಂಗೆ ಸೊಂಟನೋವು, ಸರಿ ನಾನೇ ಒಂದು ಸೆನ್ಸರ್ ಮಾಡ್ಕೊಡ್ತೀನಿ ಅಂತ ಕೂತೆ. ಇಎಸ್‌ಪಿ8266 ಅನ್ನೋ ಪುಟ್ಟ ವೈಫೈ ಮಾಡ್ಯೂಲ್, ನೀರಲ್ಲಿ ತೇಲಿ ಆನ್-ಆಫ್ ಆಗೋ ಫ್ಲೋಟ್ ಸ್ವಿಚ್, ಒಂದು 18650 ಲಿಥಿಯಂ ಸೆಲ್. ಅರ್ಧ ಗಂಟೆಗೊಂದ್ಸಲ ಎದ್ದು ನೀರಿದ್ಯಾ ಇಲ್ವಾ ಅಂತ ಫೋನಿಗೆ ಕಳ್ಸಿ ಮತ್ತೆ ಮಲಗ್ಬೇಕು, ಅಷ್ಟೇ ಕೆಲಸ. 2500 ಎಂಎಎಚ್ ಸೆಲ್ಲು ಹತ್ತತ್ರ ಒಂದು ವರ್ಷ ಬರತ್ತೆ ಅಂತ ಲೆಕ್ಕ ಹಾಕಿದ್ದೆ. ಬಂದಿದ್ದು 9 ದಿನ.

ಎಡವಿದ್ದು ರೆಗ್ಯುಲೇಟರಲ್ಲಿ, ಅಂದ್ರೆ ಸೆಲ್ಲಿನ ವೋಲ್ಟೇಜನ್ನ ಇಎಸ್‌ಪಿಗೆ ಬೇಕಾದಷ್ಟಕ್ಕೆ ಇಳ್ಸಿ ಕೊಡೋ ಚಿಪ್ಪಲ್ಲಿ. ಡಬ್ಬದಲ್ಲಿ ಎಎಂಎಸ್1117 ಬಿದ್ದಿತ್ತು, 3.3 ವೋಲ್ಟ್ ಕೊಡತ್ತಲ್ಲ ಸಾಕು ಅಂತ ಬೆಸುಗೆ ಹಾಕ್ಬಿಟ್ಟೆ. ಆ ಚಿಪ್ಪು ಔಟ್‌ಪುಟ್ಟಿಗೆ ಏನೂ ಕೊಡದೆ ಸುಮ್ನೆ ಕೂತಿದ್ರೂ ತನ್ನ ಹೊಟ್ಟೆಗೇ ಸುಮಾರು 5 ಮಿಲಿಆಂಪ್ ತಿನ್ನತ್ತೆ, ನಮ್ಮ ಇಎಸ್‌ಪಿ ಮಲಗಿದಾಗ ಬೇಕಾಗೋದು 20 ಮೈಕ್ರೋಆಂಪ್, ಅಂದ್ರೆ ಮನೆಯವ್ರಿಗಿಂತ ವಾಚ್‌ಮನ್ನೇ 250 ಪಟ್ಟು ಉಣ್ತಾನೆ! ಅಷ್ಟೇ ಆಗಿದ್ರೆ 20 ದಿನ ಆದ್ರೂ ಬರ್ತಿತ್ತು. ಆದ್ರೆ ಅದಕ್ಕೆ ಡ್ರಾಪ್‌ಔಟ್ (ಔಟ್‌ಪುಟ್ಟಿಗಿಂತ ಇನ್‌ಪುಟ್ ಕನಿಷ್ಠ ಎಷ್ಟು ಜಾಸ್ತಿ ಇರ್ಬೇಕು ಅನ್ನೋದು) ಬೇರೆ 1.1 ವೋಲ್ಟ್ ಬೇಕು, ಸೆಲ್ 3.7ಕ್ಕೆ ಇಳಿಯೋ ಹೊತ್ತಿಗೆ ಈ ಕಡೆ 2.6 ಬರತ್ತೆ, ವೈಫೈ ಆನ್ ಆದ ತಕ್ಷಣ ರೀಸೆಟ್, ಮತ್ತೆ ರೀಸೆಟ್. ಸೆಲ್ಲಲ್ಲಿ ಚಾರ್ಜ್ ಇದ್ದೂ ಉಪಯೋಗಕ್ಕಿಲ್ಲ.

ಅದು ಸತ್ತಿದ್ದು ಯಾರಿಗೂ ಗೊತ್ತಾಗ್ಲಿಲ್ಲ, ಯಾಕಂದ್ರೆ ಫೋನಲ್ಲಿ ಕೊನೇ ಮೆಸೇಜು "ನೀರಿದೆ" ಅಂತ್ಲೇ ನಿಂತಿತ್ತು. ಅಮ್ಮ ಅದನ್ನ ನಂಬಿ ಮೋಟರ್ ಹಾಕಿ ಪೂಜೆಗೆ ಕೂತ್ರು, ಖಾಲಿ ಸಂಪಲ್ಲಿ ಮುಕ್ಕಾಲು ಗಂಟೆ ಓಡಿ ಪಂಪಿನ ಸೀಲ್ ಹೋಯ್ತು. ರಿಪೇರಿಗೆ 1,800 ರೂಪಾಯಿ. (ಮೆಸೇಜ್ ಬಂದ ಟೈಮನ್ನೂ ತೋರ್ಸೋ ಬುದ್ಧಿ ನಂಗೆ ಮೊದ್ಲೇ ಇರ್ಬೇಕಿತ್ತು, ಅದು ಬೇರೆ ಮಾತು.)

ಆಮೇಲೆ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರೋ ಎಸ್‌ಪಿ ರೋಡಿಗೆ ಹೋಗಿ ಎಚ್‌ಟಿ7333 ಅನ್ನೋ ಇನ್ನೊಂದು ರೆಗ್ಯುಲೇಟರ್ ಕೇಳಿದೆ, ಅದು ತಾನು ತಿನ್ನೋದು ಬರೀ 4 ಮೈಕ್ರೋಆಂಪ್ ಆಸುಪಾಸು. ಅಂಗಡಿಯವ್ರು "ಎಲ್ಲಾ 3.3ನೇ ಸಾರ್, ಯಾವುದಾದ್ರೂ ಹಾಕಿ" ಅಂತ ಹತ್ತು ಪೀಸ್ ಕತ್ತರಿಸಿ ಕೊಟ್ರು, ಮೇಲೆ 7333 ಅಂತ್ಲೇ ಬರ್ದಿತ್ತು. ಈ ಸಲ ಬುದ್ಧಿ ಬಂದಿತ್ತು ನೋಡಿ, ಬೆಸುಗೆಗೆ ಮುಂಚೆ ಅಳೆದೆ, ಹತ್ತೂ 2 ಮಿಲಿಆಂಪ್ ಮೇಲೆ! ಹೆಸರು ಒಂದು, ಒಳಗಡೆ ಇನ್ಯಾವುದೋ. ವಾಪಸ್ ತಗೊಳಲ್ಲ ಅಂದ್ರು.

ಅಳೆಯೋದು ಕಷ್ಟ ಏನಿಲ್ಲ. ಚಿಪ್ಪಿನ ಇನ್‌ಪುಟ್ಟಿಗೆ ಸೆಲ್, ಮಧ್ಯ ಮಲ್ಟಿಮೀಟರ್ ಮೈಕ್ರೋಆಂಪ್ ರೇಂಜಲ್ಲಿ, ಔಟ್‌ಪುಟ್ಟಲ್ಲಿ ಒಂದು ಕೆಪ್ಯಾಸಿಟರ್ ಬಿಟ್ರೆ ಏನೂ ಬೇಡ. ಇಎಸ್‌ಪಿ ಕನೆಕ್ಟ್ ಮಾಡ್ಕೊಂಡು ಆ ರೇಂಜಲ್ಲಿ ನೋಡಕ್ಕೆ ಹೋಗ್ಬೇಡಿ, ವೈಫೈ ಜೋರಾಗಿ ಕರೆಂಟ್ ಎಳೆದಾಗ ಮೀಟರ್ ಒಳಗೇ ವೋಲ್ಟೇಜ್ ಬಿದ್ದು ರೀಸೆಟ್ ಆಗ್ತಾನೇ ಇರತ್ತೆ, ನಾನು ಅದರಲ್ಲೇ ಒಂದು ಭಾನುವಾರ ಕಳ್ದೆ. ಡೇಟಾಶೀಟಲ್ಲಿ (ಚಿಪ್ಪಿನ ಕಂಪನಿ ಕೊಡೋ ವಿವರದ ಹಾಳೆ) ನೋಡ್ಬೇಕಾದ ಸಾಲು ಕ್ವಯಸೆಂಟ್ ಕರೆಂಟ್, ಅಂದ್ರೆ ಸುಮ್ನೆ ಕೂತಾಗ ಚಿಪ್ಪು ತಾನೇ ತಿನ್ನೋದು, ಜೊತೆಗೆ ಡ್ರಾಪ್‌ಔಟ್.

ಈಗ ಎಂಸಿಪಿ1700 ರೆಗ್ಯುಲೇಟರ್ ಹಾಕಿದೀನಿ, ತಾನು ತಿನ್ನೋದು 1.6 ಮೈಕ್ರೋಆಂಪ್, ವೈಫೈ ಎಳೆತಕ್ಕೆ ಪಕ್ಕದಲ್ಲಿ 470 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್. ಒಂದು ಸೆಲ್ಲಿಗೆ ಇದು ಆರಾಮು. ಇದಕ್ಕೆ ಇನ್‌ಪುಟ್ 6 ವೋಲ್ಟ್ ದಾಟೋ ಹಾಗಿಲ್ಲ, 9 ವೋಲ್ಟ್ ಬ್ಯಾಟರಿ ಇಟ್ರೆ ಸುಟ್ಟೋಗತ್ತೆ.